ಬಂದೂಕು ಸಮೀಕ್ಷೆ: ಶೇ 90ರ ಒಳಗೇನಿದೆ?

ಅಮೆರಿಕದ ಯಾವುದಾದರೂ ಶಾಲೆಯಲ್ಲಿ ಗುಂಡು ಹಾರಿ ಮಕ್ಕಳು ಸತ್ತರೆ, ಕೆಲವೇ ದಿನಗಳಲ್ಲಿ ಟಿ.ವಿ. ಪರದೆಯ ಮೇಲೆ ಒಂದು ಅಂಕಿ ಬರುತ್ತದೆ. ಬಂದೂಕು ಕೊಳ್ಳುವವರ ಪೂರ್ವಾಪರ ವಿಚಾರಿಸಿಯೇ ಮಾರಬೇಕು ಎನ್ನುವವರು ಶೇ 90ರ ಆಸುಪಾಸು! ಬೆನ್ನಿಗೇ ಬಂದೂಕುಪ್ರಿಯರ ಗೊಣಗಾಟ ಶುರು. 2024ರ ಲೋಕಸಭಾ ಚುನಾವಣೆಯ ಎಕ್ಸಿಟ್ ಪೋಲ್ ನಂಬಿ, ಎಣಿಕೆಯ ದಿನ ಬೆಪ್ಪಾದ ನಮಗೆ ಆ ಗೊಣಗಾಟ ಅರ್ಥವಾಗದ್ದೇನಲ್ಲ. ಆದರೆ ಅವರು ಅನುಮಾನಪಡುತ್ತಿರುವ ಜಾಗ ಬೇರೆ, ಅನುಮಾನಪಡಬೇಕಾದ ಜಾಗ ಬೇರೆ.

‘ಇದೆಲ್ಲ ಬಂದೂಕು ವಿರೋಧಿ ಮಾಧ್ಯಮಗಳು ಹೆಣೆದ ಲೆಕ್ಕ’

ಹಾಗಿದ್ದರೆ ಫಾಕ್ಸ್ ನ್ಯೂಸ್‌ಗೆ ಏನನ್ನಬೇಕು? ಬಲಪಂಥೀಯರ ಮೆಚ್ಚಿನ ಈ ವಾಹಿನಿಯ ಸಮೀಕ್ಷೆಗಳನ್ನು ಡೆಮಾಕ್ರಟಿಕ್ ಕಡೆಯ ಒಂದು ಸಂಸ್ಥೆ, ರಿಪಬ್ಲಿಕನ್ ಕಡೆಯ ಇನ್ನೊಂದು ಸಂಸ್ಥೆ ಜೊತೆಯಾಗಿ ನಡೆಸುತ್ತವೆ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಸಿಕ್ಕ ಉತ್ತರವೂ ಶೇ 87. ವೀಕ್ಷಕರಿಗೆ ಕಹಿಯಾಗುವ ಅಂಕಿಯನ್ನು ಆ ವಾಹಿನಿ ಕೈಯಾರೆ ಹುಟ್ಟಿಸಲಾರದು.

‘ನನ್ನನ್ನು ಯಾರೂ ಕೇಳಿಯೇ ಇಲ್ಲ’

33 ಕೋಟಿ ಜನರಲ್ಲಿ ಸಾವಿರ ಮಂದಿಯನ್ನು ಆರಿಸಿದರೆ ನಿಮ್ಮ ಸರದಿ ಬರದಿರುವುದೇ ಸಹಜ. ಯಾರನ್ನು ಕೇಳಿದರು ಎಂಬುದು ಮುಖ್ಯ, ಎಷ್ಟು ಜನರನ್ನು ಎಂಬುದು ಆಮೇಲಿನದು. 1936ರ ಅಮೆರಿಕ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. 48 ರಾಜ್ಯಗಳ ಪೈಕಿ 46ನ್ನು ಗೆದ್ದವರು ರೂಸ್‌ವೆಲ್ಟ್. ಪತ್ರಿಕೆಯ ಪಟ್ಟಿಯಲ್ಲಿ ಇದ್ದವರಲ್ಲಿ ಬಹುಪಾಲು ಫೋನು, ಕಾರು ಉಳ್ಳವರು!

ಇಂದಿನ ತೊಡಕು ಬೇರೆ: ಜನ ಕರೆಯನ್ನೇ ಎತ್ತುವುದಿಲ್ಲ. ಪ್ಯೂ ಸಂಸ್ಥೆಯ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ಶೇ 36ರಷ್ಟು ಮಂದಿ ಉತ್ತರಿಸುತ್ತಿದ್ದರು; 2018ರ ಹೊತ್ತಿಗೆ ಶೇ 6. ಹೀಗೆ ಕೈಗೆ ಸಿಗದವರೇ ಬೇರೆ ಥರ ಯೋಚಿಸುವವರಾಗಿದ್ದರೆ ಲೆಕ್ಕ ಕೆಲವು ಅಂಶ ವಾಲುತ್ತದೆ. ಶೇ 90 ಎಂಬುದು ಶೇ 40 ಆಗುವಷ್ಟಂತೂ ವಾಲದು.

‘ಬಿಸಿಯಲ್ಲಿ ಕೇಳಿದ ಪ್ರಶ್ನೆಗೆ ಬೆಲೆಯಿಲ್ಲ’

ಇದರಲ್ಲಿ ಅರ್ಧ ಸತ್ಯವಿದೆ. ಬಂದೂಕು ಮಾರಾಟದ ಕಾನೂನು ಬಿಗಿಯಾಗಬೇಕೆ ಎಂದು ಗ್ಯಾಲಪ್ ಸಮೀಕ್ಷಾ ಸಂಸ್ಥೆ ವರ್ಷಗಳಿಂದ ಕೇಳುತ್ತಿದೆ. 2022ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮರುತಿಂಗಳು ಹೌದೆಂದವರು ಶೇ 66. ಅಕ್ಟೋಬರಿನಲ್ಲಿ ಶೇ 57. ಬಿಸಿ ಆರುತ್ತದೆ ನಿಜ. ಪೂರ್ವಾಪರ ವಿಚಾರಣೆಯ ಅಂಕಿ ಮಾತ್ರ ಹಾಗೆ ಏರಿಳಿಯದು.

‘ಶೇ 90 ಜನ ಕೇಳಿದರೂ ಕಾನೂನು ಬರಲಿಲ್ಲ, ಅಂದಮೇಲೆ ರಾಜಕಾರಣಿಗಳು ಮಾರಿಕೊಂಡಿದ್ದಾರೆ’

ಇದು ಬಂದೂಕು ನಿಯಂತ್ರಣ ಬಯಸುವ ಎದುರು ಪಾಳಯದವರ ತಪ್ಪು. ನನ್ನ ಮಟ್ಟಿಗೆ ಹೆಚ್ಚು ದಾರಿ ತಪ್ಪಿಸುವುದೂ ಇದೇ. ಮೊದಲು ಕಾನೂನು ಏನೆನ್ನುತ್ತದೆ ನೋಡಿ: ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಬಂದೂಕು ಕೊಳ್ಳುವವರು 4473 ಎಂಬ ಫಾರಂ ತುಂಬಬೇಕು, ಅಂಗಡಿಯವರು ಸರ್ಕಾರದ ದಾಖಲೆಯಲ್ಲಿ ಹೆಸರು ತಾಳೆ ನೋಡಬೇಕು. ಖಾಸಗಿ ವ್ಯಕ್ತಿಯೊಬ್ಬ ಅದೇ ರಾಜ್ಯದ ಇನ್ನೊಬ್ಬನಿಗೆ ಮಾರಿದರೆ ಕೇಂದ್ರ ಕಾನೂನಿನಂತೆ ಈ ತಪಾಸಣೆ ಬೇಕಿಲ್ಲ. ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳ ಹತ್ಯೆಯಾದ ಬಳಿಕ ಈ ಕಿಂಡಿಯನ್ನು ಬಹುಪಾಲು ಮುಚ್ಚಲು ಹೊರಟ ತಿದ್ದುಪಡಿಗೆ 2013ರ ಏಪ್ರಿಲ್‌ನಲ್ಲಿ ಸೆನೆಟ್‌ನಲ್ಲಿ ಬಿದ್ದದ್ದು 54 ಮತ, ಬೇಕಿದ್ದದ್ದು 60. ಅದು ಅಂಗೀಕಾರವಾಗಬೇಕಿತ್ತೆ ಎಂದು ಗ್ಯಾಲಪ್ ಕೇಳಿದಾಗ ಹೌದೆಂದವರು ಶೇ 65. ತತ್ವಕ್ಕೆ ತಲೆಯಾಡಿಸಿದವರಲ್ಲಿ ದೊಡ್ಡದೊಂದು ಪಾಲು ಮಸೂದೆಯ ಹೊತ್ತಿಗೆ ಜಾರಿತ್ತು.

ಮೇನ್ ರಾಜ್ಯದಲ್ಲಿ ಇದು ಇನ್ನೂ ಢಾಳಾಗಿ ಕಂಡಿತು. 2016ರ ನವೆಂಬರಿನಲ್ಲಿ ಖಾಸಗಿ ಮಾರಾಟಕ್ಕೂ ತಪಾಸಣೆ ಬೇಕೆ ಎಂಬ ಪ್ರಶ್ನೆ ಅಲ್ಲಿನ ಜನರ ಮುಂದೆಯೇ ಬಂತು. ರಾಜಕಾರಣಿಗಳು ನಡುವೆ ಇರಲಿಲ್ಲ. ಬೇಟೆ ಮನೆಮಾತಾಗಿರುವ ಊರುಗಳಲ್ಲಿ, ‘ಪಕ್ಕದ ಮನೆಯವನಿಗೆ ಕೋವಿ ಎರವಲು ಕೊಡುವುದಕ್ಕೂ ಅಂಗಡಿಗೆ ಅಲೆಯಬೇಕೆ?’ ಎಂಬ ಪ್ರಚಾರ ನಡೆಯಿತು. ಬೇಡ ಎಂದವರು ಶೇ 52ರ ಹತ್ತಿರ. ಅದೇ ದಿನ ನೆವಾಡಾದಲ್ಲಿ ಅಂಥದೇ ಪ್ರಸ್ತಾವ ಹತ್ತು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಗೆದ್ದಿತು, ಅದೂ ಲಾಸ್ ವೇಗಸ್ ಇರುವ ಒಂದೇ ಕೌಂಟಿಯ ಬಲದಿಂದ.

ಫೋನಿನಲ್ಲಿ ಹೌದು ಎನ್ನುವುದಕ್ಕೆ ಖರ್ಚಿಲ್ಲ. ಸಮೀಕ್ಷೆ ಹಾಗೆಂದವರನ್ನು ಎಣಿಸುತ್ತದೆ, ಅವರಲ್ಲಿ ಈ ಒಂದೇ ವಿಷಯಕ್ಕಾಗಿ ಮತ ಬದಲಿಸುವವರು ಎಷ್ಟು ಎಂದು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಟಿ.ವಿ. ಪಟ್ಟಿಯಲ್ಲಿ ಓಡುವ ಒಂದು ಸಾಲಿಗಂತೂ ಆ ವ್ಯವಧಾನವಿಲ್ಲ.

ಅದೇ ಮೇನ್‌ನ ಲೂಯಿಸ್ಟನ್‌ನಲ್ಲಿ 2023ರ ಅಕ್ಟೋಬರಿನಲ್ಲಿ ಒಬ್ಬ ಬಂದೂಕುಧಾರಿ 18 ಮಂದಿಯನ್ನು ಕೊಂದ. ಮರುವರ್ಷ ರಾಜ್ಯದ ಶಾಸಕಾಂಗ ಜಾಹೀರಾತು ಕೊಟ್ಟು ನಡೆಸುವ ಖಾಸಗಿ ಮಾರಾಟಕ್ಕೆ ತಪಾಸಣೆ ಕಡ್ಡಾಯ ಮಾಡಿತು. ಮನೆಯವರ ನಡುವಿನ ಕೊಡುಕೊಳೆಯನ್ನು ಅದರಿಂದ ಹೊರಗಿಟ್ಟಿತು.