ಇಂಗ್ಲೀಷ್ ಹೋಂವರ್ಕು: ಗೈಡಿಗಿಂತ ಮನೆಮಾತೇ ಮೇಲು!

ದೀಪ ಹಚ್ಚುವ ಹೊತ್ತಾಯಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಅನೇಕ ಮನೆಗಳಲ್ಲಿ ಒಂದೇ ತಕರಾರು. ಹುಡುಗನ ಮುಂದೆ ಇಂಗ್ಲೀಷ್ ನೋಟುಬುಕ್ಕು, ಅಪ್ಪನ ಮುಖದ ಮೇಲೆ ಚಿಂತೆ. 'ಪರ ಇಲ್ಲವೆ ವಿರೋಧವಾಗಿ ಬರೆಯಿರಿ', 'ಅಲಂಕಾರ ಗುರುತಿಸಿರಿ' ಎಂಬ ಪ್ರಶ್ನೆ ಬಂದರೆ ಸಾಕು, ಗೈಡಿನ ಹುಡುಕಾಟ ಶುರು. ಈಗಂತೂ ಮೊಬೈಲು ಒತ್ತಿದರೂ ಸಿದ್ಧ ಪ್ರಬಂಧ ಸಿಗುತ್ತದೆ. ಅದನ್ನು ಇಳಿಸಿಕೊಂಡರೆ ಹೋಂವರ್ಕು ಮುಗಿಯಿತು. ಆದರೆ ಪರೀಕ್ಷೆಯಲ್ಲಿ ವಿಷಯ ಬದಲಾದರೆ ಗತಿಯೇನು?

ಪಾಲಕರನ್ನು ದೂರಿ ಫಲವಿಲ್ಲ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದಲೇ ಇಂಗ್ಲೀಷ್ ಬಂದದ್ದು 2007-08ರಲ್ಲಿ. ಅದಕ್ಕೂ ಮುಂಚೆ ಕಲಿತವರು ಎಬಿಸಿಡಿ ತಿದ್ದಿದ್ದೇ ಐದನೆಯ ಇಯತ್ತೆಯಲ್ಲಿ. "ನಮಗ ಬರಂಗಿಲ್ಲ, ಹುಡುಗಗ ಏನ್ ಹೇಳೂದರಿ?" ಎಂಬ ಮಾತು ಅಂಗಡಿ ಕಟ್ಟೆಗಳಲ್ಲಿ ಸಾಮಾನ್ಯ.

ವಾದ ಹೊಸದೇನಲ್ಲ

ನಿಜವಾಗಿ ಅವರಿಗೆ ಹೇಳಿಕೊಡಲು ಬೇಕಾದಷ್ಟಿದೆ. ಆಲಮಟ್ಟಿಯ ಮಾತನ್ನೇ ತೆಗೆದುಕೊಳ್ಳಿ. ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಒಪ್ಪಿತು. ಚಹಾದಂಗಡಿಯಲ್ಲಿ ಒಬ್ಬ "ಏರಸಬೇಕ್ರಿ, ಒಣಭೂಮಿಗೆ ನೀರ ಬರತೈತಿ" ಎಂದರೆ ಇನ್ನೊಬ್ಬ "ಮುಳಗೋ ಹೊಲಾ ಮನಿ ಯಾರ ಕೊಡತಾರ?" ಎನ್ನುತ್ತಾನೆ. ಮೊದಲಿನವ ಬಿಟ್ಟಾನೆಯೇ? "ಮೊದಲ ಪರಿಹಾರ ಕೊಡಲಿ, ಆಮ್ಯಾಲ ನೀರ ನಿಲ್ಲಸಲಿ!"

ವಾದದ ಬರವಣಿಗೆಯೆಂದರೆ ಇಷ್ಟೇ. ತನ್ನ ಅಭಿಪ್ರಾಯ, ಅದಕ್ಕೆ ಕಾರಣ, ಕಾರಣಕ್ಕೊಂದು ಉದಾಹರಣೆ, ಎದುರಿನವನ ಮಾತು, ಅದಕ್ಕೆ ಉತ್ತರ, ಕಡೆಗೆ ತೀರ್ಮಾನ. ಈ ಆರನ್ನು ಹುಡುಗ ಮೊದಲು ಕನ್ನಡದಲ್ಲೇ ಒಂದೊಂದು ಸಾಲು ಬರೆದುಕೊಳ್ಳಲಿ. ಬಳಿಕ ಸಣ್ಣ ಸಣ್ಣ ಇಂಗ್ಲೀಷ್ ವಾಕ್ಯ ಮಾಡಲಿ. ನಡುವೆ ಜೋಡಿಸಲು 'ಬಿಕಾಸ್', 'ಫಾರ್ ಎಕ್ಸಾಂಪಲ್', 'ಸಮ್ ಪೀಪಲ್ ಸೇ', 'ಬಟ್', 'ದೇರ್‌ಫೋರ್' ಎಂಬ ಐದು ಕೊಂಡಿ ಸಾಕು. ಇಂಡಿ ಕಡೆಯ ಹುಡುಗನಿಗೆ ಲಿಂಬೆಹಣ್ಣೇ ವಿಷಯವಾಗಬಹುದು: ಹೊಲದಲ್ಲೇ ದಲಾಲಿಗೆ ಮಾರುವುದು ಲೇಸೋ, ಪೇಟೆಗೆ ಒಯ್ಯುವುದು ಲೇಸೋ?

ಅಲಂಕಾರ ಅವ್ವನ ಬಾಯಲ್ಲೇ ಇದೆ

ಕನ್ನಡದ ತಾಸಿನಲ್ಲಿ ಉಪಮೆ, ರೂಪಕ ಎಂದು ಥಟ್ಟನೆ ಹೇಳುವ ಹುಡುಗಿ ಇಂಗ್ಲೀಷಿನ 'ಸಿಮಿಲಿ', 'ಮೆಟಫರ್' ಕಂಡೊಡನೆ ಬೆದರುತ್ತಾಳೆ. ಹೆಸರು ಬೇರೆ, ಸರಕು ಒಂದೇ! "ಬಿಸಲ ಬೆಂಕಿಯಂಗ ಐತಿ" ಎಂದರೆ ಸಿಮಿಲಿ. ಇಂಗ್ಲೀಷಿನಲ್ಲಿ 'ಲೈಕ್' ಅಥವಾ 'ಆ್ಯಸ್' ಅದರ ಗುರುತು. "ಇವತ್ತಿನ ಬಿಸಲ ಬೆಂಕೀನ" ಎಂದರೆ ಮೆಟಫರ್. "ಬಸ್ಸು ಕೆಮ್ಮಿಕೋತ ಬಂತು" ಎಂದರೆ ಜಡಕ್ಕೆ ಜೀವ ಕೊಟ್ಟ 'ಪರ್ಸಾನಿಫಿಕೇಶನ್'. "ಸಾವಿರ ಸಲ ಹೇಳೀನಿ" ಎಂದು ಅವ್ವ ಗದರಿಸಿದರೆ ಅದೇ 'ಹೈಪರ್‌ಬೋಲಿ', ಕನ್ನಡದ ಅತಿಶಯೋಕ್ತಿ.

ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆಯಿದು. 12ನೆಯ ಶತಮಾನದ ವಚನಕಾರರು ದಿನಬಳಕೆಯ ಹೋಲಿಕೆಗಳನ್ನೇ ಮುಂದಿಟ್ಟು ವಾದ ಗೆದ್ದವರು. ವಾದವೂ ಹೋಲಿಕೆಯೂ ಜತೆಜತೆಗೇ ಸಾಗುತ್ತವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಒಂದು ಎಚ್ಚರ

ಹಾಗೆಂದು ಪದಕ್ಕೆ ಪದ ಇಟ್ಟರೆ ಕೆಟ್ಟಿತು. 'ಗೆಳೆಯ ಕೈಕೊಟ್ಟ' ಎಂಬುದು 'ಗೇವ್ ಹಿಸ್ ಹ್ಯಾಂಡ್' ಆದರೆ ಮೋಸ ಮಾಡಿದವನು ಕೈಕುಲುಕಿದಂತಾಗುತ್ತದೆ! ಇಂಗ್ಲೀಷಿನವರು 'ನಾಯಿ ಬೆಕ್ಕುಗಳ ಮಳೆ' ಎಂದರೂ ಅಷ್ಟೇ, ಅದು ಧೋ ಧೋ ಮಳೆ. ಅರ್ಥ ಹಿಡಿದು ಬರೆಯಬೇಕು, ಸಂಶಯವಿದ್ದದ್ದನ್ನು ಮರುದಿನ ಗುರುಗಳನ್ನೇ ಕೇಳಬೇಕು.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೋಣೆಯೊಳಗೆ ಗೈಡೂ ಇಲ್ಲ, ಮೊಬೈಲೂ ಇಲ್ಲ. ಇಂಗ್ಲೀಷೊಂದೇ ಉಳಿದರೂ ಮತ್ತೆ ಪರೀಕ್ಷೆಗೆ ಕೂಡಬೇಕು. ಕೆಲವು ಮನೆಗಳಲ್ಲಿ ಹುಡುಗಿಯ ಓದು ಅಲ್ಲಿಗೇ ನಿಂತುಹೋಗುತ್ತದೆ. ಅಂಗಡಿ ಬಾಗಿಲು ಹಾಕಿ ಬಂದ ಅಪ್ಪ ಮಗಳ ಬಳಿ ಅರ್ಧ ತಾಸು ಕುಳಿತು "ಯಾಕವ್ವಾ? ಹೆಂಗ? ಎದುರಿನಾಂವ ಏನಂತಾನ?" ಎಂದು ಮೂರು ಪ್ರಶ್ನೆ ಕೇಳಲಿ. ಅದಕ್ಕೆ ಇಂಗ್ಲೀಷು ಬರಬೇಕೆಂದೇನೂ ಇಲ್ಲ.