ಔಷಧದ ಸೀಸೆ: ಇತಿಹಾಸದ ಒಂದು ಆಕರ

ಹಳೆಯ ಆಸ್ಪತ್ರೆಗಳ ಔಷಧದ ಸೀಸೆಗಳನ್ನು ಸಂಗ್ರಹಿಸುವುದು ಪಾಶ್ಚಾತ್ಯ ದೇಶಗಳಲ್ಲಿ ಬಳಕೆಯಲ್ಲಿರುವ ಹವ್ಯಾಸ. ಶಾಸನ, ನಾಣ್ಯ, ಕಡತಗಳಂತೆ ಇವೂ ಇತಿಹಾಸಕ್ಕೆ ಆಕರಗಳಾಗಬಲ್ಲವೆ ಎಂಬ ಪ್ರಶ್ನೆಯನ್ನು ಒಂದು ನಿದರ್ಶನದ ಮೂಲಕ ಇಲ್ಲಿ ಪರಿಶೀಲಿಸುತ್ತೇವೆ.

ಅಮೆರಿಕದ ಅಂತರ್ಯುದ್ಧದ (1861–65) ಕಾಲದಲ್ಲಿ ಉತ್ತರ ಪಕ್ಷದ ಸೈನ್ಯದ ಆಸ್ಪತ್ರೆಗಳಿಗಾಗಿ ತಯಾರಾದ ಅನೇಕ ಸೀಸೆಗಳ ಮೇಲೆ ‘ಯು. ಎಸ್. ಎ. ಹಾಸ್ಪ್. ಡೆಪ್ಟ್.’ ಎಂಬ ಉಬ್ಬಕ್ಷರಗಳಿವೆ. ಈ ಅಕ್ಷರಗಳನ್ನು ಮೊದಲು ಅಚ್ಚಿನಲ್ಲಿ ಕೊರೆಯುತ್ತಿದ್ದರು. ಕಾಯ್ದ ಗಾಜನ್ನು ಅಚ್ಚಿನೊಳಗೆ ಊದಿದಾಗ ಅವು ಸೀಸೆಯ ಮೈಮೇಲೆ ಮೂಡುತ್ತಿದ್ದವು. ಬಾಯಿಯನ್ನು ಅನಂತರ ಬೇರೆಯಾಗಿ ರೂಪಿಸುತ್ತಿದ್ದುದರಿಂದ ಅಚ್ಚಿನ ಕೂಡುಗೆರೆ ಕತ್ತಿನ ಮೇಲುಭಾಗದಲ್ಲಿಯೇ ಅಳಿಸಿಹೋಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಕೆಲ್ ಓವೆನ್ಸನ ಸ್ವಯಂಚಾಲಿತ ಯಂತ್ರ ಬಳಕೆಗೆ ಬಂದ ಮೇಲೆ ಆ ಗೆರೆ ಬಾಯಿಯ ಅಂಚಿನವರೆಗೂ ಸಾಗಿತು. ಹೀಗೆ ಕಾಲನಿರ್ಣಯಕ್ಕೆ ಗಾಜೇ ಸಾಕ್ಷಿಯಾಗುತ್ತದೆ.

ಆದರೆ ಉಬ್ಬಕ್ಷರಗಳು ತಿಳಿಸುವುದು ಸೀಸೆ ಯಾರದೆಂಬುದನ್ನು ಮಾತ್ರ, ಒಳಗೆ ಏನಿತ್ತೆಂಬುದನ್ನಲ್ಲ. ಅದನ್ನು ತಿಳಿಯಲು ಕಾಗದದ ಚೀಟಿಯೋ ತಳದಲ್ಲಿ ಉಳಿದ ಔಷಧದ ಕಣಗಳೋ ಬೇಕು. ಇದರ ಮಹತ್ವವನ್ನು ಒಂದು ಪ್ರಸಂಗದಿಂದ ಅರಿಯಬಹುದು. ಆ ಸೈನ್ಯದ ಮುಖ್ಯ ವೈದ್ಯಾಧಿಕಾರಿಯಾಗಿದ್ದ ವಿಲಿಯಂ ಹ್ಯಾಮಂಡ್ 1863ರ ಮೇ ತಿಂಗಳಲ್ಲಿ ಕ್ಯಾಲೊಮೆಲ್ ಎಂಬ ಪಾದರಸದ ಔಷಧವನ್ನು ಸೈನ್ಯದ ಔಷಧಪಟ್ಟಿಯಿಂದ ತೆಗೆದುಹಾಕಿದನು. ವೈದ್ಯರು ಅದನ್ನು ಮಿತಿಮೀರಿ ಕೊಡುತ್ತಿದ್ದುದರಿಂದ ರೋಗಿಗಳ ಬಾಯಿ ಹುಣ್ಣಾಗಿ ಮಾಂಸ ಕೊಳೆಯುವುದೂ ಉಂಟಾಗಿತ್ತು. ಆದರೂ ಅನೇಕ ವೈದ್ಯರು ಈ ಆಜ್ಞೆಯನ್ನು ಪ್ರತಿಭಟಿಸಿದರು. ಆಜ್ಞೆಯ ಪ್ರತಿ ನಮಗೆ ದೊರೆಯುತ್ತದೆ. ಪ್ರತಿಯೊಂದು ಶಿಬಿರದಲ್ಲಿಯೂ ಅದು ಪಾಲಿಸಲ್ಪಟ್ಟಿತೆ ಎಂಬುದನ್ನು ಆಜ್ಞಾಪತ್ರ ಹೇಳಲಾರದು. ಅನಂತರ ಹೂಡಿದ ಶಿಬಿರವೊಂದರ ನೆಲದಲ್ಲಿ ದೊರೆತ ಸೀಸೆಯ ತಳದಲ್ಲಿ ಪಾದರಸದ ಅಂಶ ಕಂಡರೆ, ಆಜ್ಞೆಗೂ ಆಚರಣೆಗೂ ಇದ್ದ ಅಂತರಕ್ಕೆ ಅದೊಂದು ಸುಳಿವು.

ಆದುದರಿಂದ ಸೀಸೆಯನ್ನು ಅಗೆದು ತೆಗೆದು, ಚೀಟಿ ಕಿತ್ತು, ತೊಳೆದು, ದೊರೆತ ಸ್ಥಳವನ್ನು ಬರೆದಿಡದೆ ಮಾರುವವನು ಗಾಜನ್ನು ಉಳಿಸಿ ಸಾಕ್ಷ್ಯವನ್ನು ಅಳಿಸುತ್ತಾನೆ. ಥಳಥಳಿಸುವ ಸೀಸೆ ಕಪಾಟಿಗೆ ಶೋಭೆ ತರಬಹುದು. ಇತಿಹಾಸಕಾರನಿಗೆ ಅದು ಅಳಿಸಿದ ಶಾಸನದಂತೆ. ಸಂಗ್ರಹದಲ್ಲಿ ಆಸಕ್ತರಾದ ವಿದ್ಯಾರ್ಥಿಗಳು ದೊರೆತ ಸ್ಥಳವನ್ನೂ ಆಳವನ್ನೂ ಮೊದಲು ಗುರುತುಮಾಡಿಕೊಳ್ಳಬೇಕು. ಬಿರಡೆ ಹಾಕಿದ ಸೀಸೆಯನ್ನು ತಾವಾಗಿ ತೆರೆಯಬಾರದು; ಒಳಗಿನ ವಿಷ ಇಂದಿಗೂ ವಿಷವಾಗಿಯೇ ಇರಬಹುದು. ಅದನ್ನು ರಸಾಯನಶಾಸ್ತ್ರಜ್ಞರಿಗೆ ಒಪ್ಪಿಸುವುದೇ ಲೇಸೆಂದು ನಾವು ಭಾವಿಸುತ್ತೇವೆ.