ನೊಣದ ಪಂಜರ

ಹಳೇ ಜೀಪು ಲೀಟರಿಗೆ ಏಳೆಂಟು ಕಿಲೋಮೀಟರಿಗಿಂತ ಹೆಚ್ಚು ಓಡುತ್ತಿಲ್ಲ ಎಂದು ಯಾರಾದರೂ ದೂರು ತಂದರೆ ಮೆಕ್ಯಾನಿಕ್ಕು ಮೊದಲು ಬಾನೆಟ್ ಎತ್ತುತ್ತಿದ್ದ. ಕಾರ್ಬುರೇಟರ್ ಬಿಚ್ಚಿ ಜೆಟ್ ಊದುತ್ತಿದ್ದ, ಪ್ಲಗ್ಗಿನ ಮಸಿ ಉಜ್ಜಿ ಗ್ಯಾಪ್ ನೋಡುತ್ತಿದ್ದ, ಏರ್ ಕ್ಲೀನರ್ ತೊಳೆಯುತ್ತಿದ್ದ. ಅದರಲ್ಲಿ ತಪ್ಪೇನೂ ಇರಲಿಲ್ಲ, ಮೈಲೇಜ್ ಒಂದಿಷ್ಟು ಏರುತ್ತಲೂ ಇತ್ತು. ಆದರೆ ಪೆಟ್ರೋಲು ಕುಡಿಯುವ ಇನ್ನೊಬ್ಬ ಕುಡುಕ ಬಾನೆಟ್ಟಿನ ಕೆಳಗೆ ಇರಲಿಲ್ಲ. ನಾಲ್ಕು ಮೂಲೆಯಲ್ಲಿ, ಎಲ್ಲರ ಕಣ್ಣೆದುರೇ, ಮಣ್ಣು ಮೆತ್ತಿಕೊಂಡು ನಿಂತಿದ್ದ. ಅವನನ್ನು ಹಿಡಿದವರು ಹುಡುಕುತ್ತಿದ್ದದ್ದು ಬೇರೆಯೇ ಏನನ್ನೋ. ಹಿಡಿದ ಮನುಷ್ಯ ಎಂಜಿನಿಯರನೂ ಅಲ್ಲ.

ಅವನ ಹೆಸರು ಮರಿಯುಸ್ ಮಿನ್ಯೋಲ್. ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಪಟ್ಟಣದ ಮಿಷೆಲಿನ್ ಟೈರ್ ಕಾರ್ಖಾನೆಗೆ ಸೇರಿದ್ದು ಅದರ ಮುದ್ರಣಾಲಯದ ಕೆಲಸಕ್ಕೆ. ಕಲಿತ ವಿದ್ಯೆ ಅಚ್ಚುಮೊಳೆ ಜೋಡಿಸುವುದು. ಅಲ್ಲಿಂದ ರಫ್ತು ವಿಭಾಗಕ್ಕೆ ವರ್ಗವಾದಾಗ ಬಗೆಬಗೆಯ ದೇಶಗಳ ನಾಣ್ಯದ ಲೆಕ್ಕ ಅವನ ತಲೆಗೆ ಬಿತ್ತು. ದಿನವಿಡೀ ಗುಣಿಸಿ ಭಾಗಿಸುವ ಬದಲು ಅವನು ಜಾರುವ ಪಟ್ಟಿಯೊಂದನ್ನು ತಾನೇ ತಯಾರಿಸಿಕೊಂಡ. ಒಂದು ದೇಶದ ಹಣ ಇನ್ನೊಂದರಲ್ಲಿ ಎಷ್ಟಾಗುತ್ತದೆಂದು ಅದು ಥಟ್ಟನೆ ತೋರಿಸುತ್ತಿತ್ತು. ಕಂಪನಿಯ ಹಿರಿಯ ಯಜಮಾನ ಎದ್ವಾರ್ ಮಿಷೆಲಿನ್ ಒಮ್ಮೆ ಆ ವಿಚಿತ್ರ ಪಟ್ಟಿಯನ್ನು ಕಂಡ. ಬೇರೆ ಯಜಮಾನನಾಗಿದ್ದರೆ ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದನೇನೋ. ಎದ್ವಾರ್ ಈ ಗುಮಾಸ್ತನನ್ನು ಸಂಶೋಧನೆಯ ಕಡೆಗೆ ತಂದು ಬಿಟ್ಟ.

ಅಲ್ಲಿ ಎಲ್ಲರನ್ನೂ ಕಾಡುತ್ತಿದ್ದದ್ದು ಬಿಸಿ. ಆ ಕಾಲದ ಟೈರಿನೊಳಗೆ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ, ಅಡ್ಡಡ್ಡ ದಾಟುವಂತೆ ಕೂತಿರುತ್ತಿದ್ದವು. ವೇಗ ಹೆಚ್ಚಿದಷ್ಟೂ, ಹೊರೆ ಹೆಚ್ಚಿದಷ್ಟೂ ಟೈರು ಕಾಯುತ್ತಿತ್ತು. ಕಾದ ರಬ್ಬರು ಬೇಗ ಸವೆಯುತ್ತಿತ್ತು, ಕೆಲವೊಮ್ಮೆ ಸಿಡಿಯುತ್ತಿತ್ತು. 1934ರಲ್ಲಿ ಸಿಟ್ರೊಯೆನ್ ಕಂಪನಿ ಮುಂಚಕ್ರವೇ ಎಳೆಯುವ ಹೊಸ ಕಾರನ್ನು ಬೀದಿಗೆ ಬಿಟ್ಟಿತು. ಸಾಲದಲ್ಲಿ ಮುಳುಗಿದ ಆ ಕಂಪನಿ ಸ್ವಲ್ಪದರಲ್ಲೇ ಮಿಷೆಲಿನ್ ಕೈಗೇ ಬಂತು. ತಿರುಗಿಸುವ ಕೆಲಸವೂ ಎಳೆಯುವ ಕೆಲಸವೂ ಮುಂದಿನ ಟೈರುಗಳ ಮೇಲೇ ಬಿದ್ದದ್ದರಿಂದ ಅವು ಇನ್ನೂ ಕಷ್ಟಕ್ಕೆ ಸಿಕ್ಕವು. ಬಿಸಿ ಹುಟ್ಟುತ್ತಿದ್ದದ್ದು ನೆಲ ಮುಟ್ಟುವ ಭಾಗದಲ್ಲೋ, ಪಕ್ಕದ ಗೋಡೆಯಲ್ಲೋ? ಯಾರಿಗೂ ಖಚಿತವಿರಲಿಲ್ಲ.

ಮಿನ್ಯೋಲ್ ಹಿಡಿದದ್ದು ಕಳೆದು ನೋಡುವ ದಾರಿ. ಪಕ್ಕದ ಗೋಡೆಯ ಬಟ್ಟೆಯನ್ನೇ ತೆಗೆದುಬಿಟ್ಟರೆ? ಅವನು ಮಾಡಿಸಿದ ಪ್ರಯೋಗದ ಟೈರಿನಲ್ಲಿ ಗೋಡೆಯ ಜಾಗದಲ್ಲಿ ಉಕ್ಕಿನ ತಂತಿಗಳಷ್ಟೇ ಇದ್ದವು. ಅವೂ ದೂರ ದೂರ, ಒಂದನ್ನೊಂದು ದಾಟದೆ, ಚಕ್ರದ ಒಳಬಳೆಯಿಂದ ಹೊರಕ್ಕೆ ನೇರವಾಗಿ. ನೋಡಲು ಅದು ಟೈರಿನಂತೆಯೇ ಕಾಣುತ್ತಿರಲಿಲ್ಲ. ಕಾರ್ಖಾನೆಯವರು ಅದಕ್ಕೆ ನೊಣದ ಪಂಜರ ಎಂದು ಹೆಸರಿಟ್ಟರು.

ಪಂಜರ ಓಡಿತು. ನಿಲ್ಲಿಸಿ ಅಳೆದಾಗ ಬಿಸಿ ಎದ್ದು ಕಾಣುವಷ್ಟು ಇಳಿದಿತ್ತು. ಅಪರಾಧಿ ಸಿಕ್ಕಿದ್ದ: ಒಂದನ್ನೊಂದು ದಾಟುತ್ತಿದ್ದ ಆ ಪದರಗಳು.

ಆದರೆ ಈ ಟೈರನ್ನು ರಸ್ತೆಗೆ ಬಿಡುವ ಹಾಗಿರಲಿಲ್ಲ. ನೇರ ತಂತಿಗಳ ಗೋಡೆ ಮೆತ್ತಗೆ ಬಾಗುತ್ತಿತ್ತು, ನಿಜ. ತಿರುವಿನಲ್ಲಿಯೂ ಅಷ್ಟೇ ಮೆತ್ತಗೆ ಬಾಗಿ ಗಾಡಿಯನ್ನು ಓಲಾಡಿಸುತ್ತಿತ್ತು. ಪರಿಹಾರ ಅದೇ ಕಾರ್ಖಾನೆಯಲ್ಲಿ ಮೊದಲೇ ಇತ್ತು. ಟೈರಿನೊಳಗೆ ಉಕ್ಕಿನ ತಂತಿ ಹೆಣೆಯುವುದನ್ನು ಮಿಷೆಲಿನ್ ಲಾರಿಗಳಿಗಾಗಿ 1930ರ ದಶಕದಲ್ಲೇ ಕಲಿತಿತ್ತು. ಆ ಉಕ್ಕನ್ನು ನೆಲ ಮುಟ್ಟುವ ಭಾಗದ ಕೆಳಗೆ ತ್ರಿಕೋನಗಳು ಮೂಡುವಂತೆ ಪಟ್ಟಿಯಾಗಿ ಸುತ್ತಿದಾಗ ಎರಡು ಕೆಲಸ ಬೇರೆಯಾದವು. ಗೋಡೆ ಬಾಗಿದರೂ ಅಡಿ ಬಾಗಲಿಲ್ಲ.

ಹೇಳುವುದಕ್ಕೆ ಒಂದೆರಡು ವಾಕ್ಯ. ಮಾಡುವುದಕ್ಕೆ ಒಂದು ಮಹಾಯುದ್ಧವನ್ನೇ ದಾಟಬೇಕಾಯಿತು. 1940ರಲ್ಲಿ ಎದ್ವಾರ್ ತೀರಿಕೊಂಡ. ಜರ್ಮನ್ ಸೇನೆ ಊರಿಗೆ ಬಂತು. ಕೆಲಸ ಅದರ ಕಣ್ಣು ತಪ್ಪಿಸಿ ನಡೆಯಿತು. 1944ರ ಮಾರ್ಚಿನ ಒಂದು ರಾತ್ರಿ ಬ್ರಿಟಿಷ್ ವಿಮಾನಗಳು ಕಾರ್ಖಾನೆಯ ಮೇಲೇ ಬಾಂಬು ಸುರಿದವು. ಮನೆತನದ ಮಾರ್ಸೆಲ್ ಮಿಷೆಲಿನ್ ನಾಜಿ ಶಿಬಿರದಲ್ಲಿ ಸತ್ತ. ಇಷ್ಟೆಲ್ಲ ಆದಮೇಲೆ, 1946ರ ಜೂನ್ 4ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. 1949ರಲ್ಲಿ ಮಿಷೆಲಿನ್ ಎಕ್ಸ್ ಎಂಬ ಹೆಸರಿನಲ್ಲಿ ಈ ನೇರ ದಾರದ ಟೈರು, ಅಂದರೆ ರೇಡಿಯಲ್, ಪೇಟೆಗೆ ಬಂತು. ಹಾಗೆ ನೋಡಿದರೆ ಅಂಥ ಟೈರಿನ ಕಲ್ಪನೆಗೆ ಇಂಗ್ಲೆಂಡಿನಲ್ಲಿ ಗ್ರೇ ಮತ್ತು ಸ್ಲೋಪರ್ 1913ರಲ್ಲೇ ಪೇಟೆಂಟ್ ಪಡೆದಿದ್ದರು. ಬಂದೂಕು ತಯಾರಿಸಿ ಹೆಸರಾದ ಅಮೆರಿಕದ ಆರ್ಥರ್ ಸ್ಯಾವೇಜ್ ಕೂಡ ಸ್ವಲ್ಪ ಕಾಲಕ್ಕೆ ಅದೇ ದಾರಿ ಹಿಡಿದಿದ್ದ. ಎರಡೂ ಪೇಟೆಯಲ್ಲಿ ನೆಲೆಯೂರಿರಲಿಲ್ಲ.

ಇಷ್ಟಾದರೂ ಜಗತ್ತು ಮುಗಿಬೀಳಲಿಲ್ಲ. ರೇಡಿಯಲ್ಲಿನ ಪಕ್ಕೆ ಸ್ವಲ್ಪ ಉಬ್ಬಿಕೊಂಡೇ ಇರುತ್ತಿತ್ತು. ಗಾಳಿ ಕಡಿಮೆಯಾಗಿದೆ ಎಂದು ಜನ ಮತ್ತೆ ಮತ್ತೆ ತುಂಬಿಸಿದರು. ಅಮೆರಿಕದ ಕಾರ್ಖಾನೆಗಳಿಗೆ ಅದನ್ನು ತಯಾರಿಸಲು ಹೊಸ ಯಂತ್ರಗಳೇ ಬೇಕಿದ್ದವು, ಹಳೆಯವಕ್ಕೆ ಸುರಿದ ಹಣ ಇನ್ನೂ ಗಿಟ್ಟಿರಲಿಲ್ಲ. ಪೆಟ್ರೋಲು ಅಗ್ಗವಾಗಿದ್ದಾಗ ಟೈರು ಎಷ್ಟು ಕುಡಿಯುತ್ತದೆಂದು ಕೇಳುವವರಾದರೂ ಯಾರು? 1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ಕೇಳಿದರು. ನಾಲ್ಕು ಚಕ್ರ ಎಳೆಯುವ ಗಾಡಿಗಳಲ್ಲಿ ರೇಂಜ್ ರೋವರ್ ಅಷ್ಟು ಹೊತ್ತಿಗಾಗಲೇ, 1970ರಲ್ಲಿ, ರೇಡಿಯಲ್ ತೊಟ್ಟುಕೊಂಡೇ ಹುಟ್ಟಿತ್ತು.

ಸೇನೆಯ ಜೀಪಿನ ವಂಶ ಮಾತ್ರ ಆರು ಇಂಚಿನ, ಹದಿನಾರರ ರಿಮ್ಮಿನ ಓರೆ ದಾರದ ಟೈರನ್ನೇ ನೆಚ್ಚಿಕೊಂಡಿತ್ತು. ಸಕಲೇಶಪುರ, ಮಡಿಕೇರಿಯ ತೋಟಗಳಲ್ಲಿ ಏರಿಳಿದ ಮಹೀಂದ್ರ ಜೀಪುಗಳದ್ದೂ ಅದೇ ಕತೆ. ಅದಕ್ಕೆ ಕಾರಣವೂ ಇತ್ತು. ದಪ್ಪ ಪಕ್ಕೆಯ ನೈಲಾನ್ ಟೈರು ಚೂಪು ಕಲ್ಲಿಗೆ ಸುಲಭವಾಗಿ ಹರಿಯುತ್ತಿರಲಿಲ್ಲ. ರೇಡಿಯಲ್ಲಿನ ಪಕ್ಕೆ ತೆಳು, ಅಲ್ಲಿ ಹರಿದರೆ ಪಂಕ್ಚರ್ ಅಂಗಡಿಯವನೂ ಕೈಚೆಲ್ಲುತ್ತಿದ್ದ. ಭಾರತದಲ್ಲಿ ರೇಡಿಯಲ್ ತಯಾರಿಕೆ ಶುರುವಾದದ್ದೇ 1970ರ ದಶಕದ ಕೊನೆಗೆ. ತೋಟದ ಜೀಪುಗಳಿಗೆ ಅದು ಹತ್ತಿದ್ದು ಅದಕ್ಕಿಂತ ಎಷ್ಟೋ ತಡವಾಗಿ, ಹಳೇ ರಿಮ್ ಬಿಚ್ಚಿ ಹದಿನೈದರದ್ದನ್ನು ಕೂರಿಸುವವರು ಗ್ಯಾರೇಜಿಗೆ ಬರತೊಡಗಿದ ಮೇಲೆ.

ಒಳಗಿನ ಗುಟ್ಟು ಇಷ್ಟೇ. ಟೈರು ನೆಲ ಮುಟ್ಟಿದಾಗಲೆಲ್ಲ ಚಪ್ಪಟೆಯಾಗಿ, ಬಿಟ್ಟಾಗ ಮತ್ತೆ ದುಂಡಗಾಗುತ್ತದೆ. ಚಪ್ಪಟೆ ಮಾಡಲು ಎಂಜಿನ್ ಕೊಟ್ಟ ಶಕ್ತಿಯನ್ನು ರಬ್ಬರು ಪೂರ್ತಿ ಹಿಂದಿರುಗಿಸುವುದಿಲ್ಲ, ಉಳಿಸಿಕೊಂಡದ್ದು ಬಿಸಿಯಾಗುತ್ತದೆ. ಓರೆ ಪದರಗಳು ಪ್ರತಿ ಸುತ್ತಿಗೂ ಕತ್ತರಿಯ ಅಲಗುಗಳ ಹಾಗೆ ಒಂದರ ಮೇಲೊಂದು ಸರಿದು ರಬ್ಬರನ್ನು ಎಳೆದಾಡುತ್ತವೆ. ನೇರ ದಾರದಲ್ಲಿ ಆ ಜಗ್ಗಾಟವಿಲ್ಲ, ಉಕ್ಕಿನ ಪಟ್ಟಿ ಅಡಿಯನ್ನು ಸೆಟೆದು ಹಿಡಿಯುವುದರಿಂದ ನೆಲದ ಮೇಲಿನ ಉಜ್ಜಾಟವೂ ಕಡಿಮೆ. ಮಿನ್ಯೋಲ್ ಅಳೆದ ಬಿಸಿ ಪೆಟ್ರೋಲೇ ಆಗಿತ್ತು. ಉರುಳುವಾಗಿನ ಈ ತಡೆ ಶೇಕಡಾ 10ರಷ್ಟು ತಗ್ಗಿದರೆ ಇಂಧನ ಒಂದೆರಡು ಶೇಕಡಾ ಉಳಿಯುತ್ತದೆ. ಗಾಳಿಯ ಎದುರೊತ್ತು ಇನ್ನೂ ದೊಡ್ಡದಾಗದ ನಿಧಾನದ ಘಾಟಿ ರಸ್ತೆಯಲ್ಲಿ ಅದಕ್ಕಿಂತ ಉರುಳುವ ತಡೆಯ ಪಾಲೇ ಹಿರಿದು, ಗಾಳಿಯೊತ್ತಡ ಇಳಿದ ಟೈರಿನಲ್ಲಿ ಅದು ಇನ್ನಷ್ಟು ಏರುತ್ತದೆ. ಹಳೇ ಜೀಪಿನಲ್ಲಿ ಮುಂದೆ ಹಿಂದೆ ಬೇರೆ ಬೇರೆ ಅಳತೆಯ ಟೈರು ಹಾಕಿ ನಾಲ್ಕೂ ಚಕ್ರ ಜೋಡಿಸಿದರೆ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಉಳಿತಾಯವನ್ನೆಲ್ಲ ನುಂಗುತ್ತವೆ. ಅಂದಕ್ಕೆಂದು ಕೂರಿಸಿದ ಅಗಲದ ಮಡ್ ಟೈರು ಆ ಉಳಿತಾಯವನ್ನು ಟಾರು ರಸ್ತೆಯ ಮೇಲೆಯೇ ಮುಗಿಸಿಬಿಡುತ್ತದೆ.